ರೊಟ್ಟಿ ಕಾಯುವ ಸ್ವಾಮಿ

ಮೊನ್ನೆ ಒಂದು ಕೋರ್ಟಿಗೆ ಹೋಗಿದ್ದೆ. ನಮ್ಮ ಕೇಸು ಕೂಗುವವರೆಗೆ ಹಿಂದಿನ ಬೆಂಚಲ್ಲಿ ಕೂತು ಸುಮ್ನೆ ಎಣಿಸಿದೆ. ವಕೀಲರೊಬ್ಬರು ಹತ್ತು ನಿಮಿಷದಲ್ಲಿ 41 ಸಲ 'ಮೈ ಲಾರ್ಡ್' ಅಂದರು. ಮಾತು ಓಡಿದಂತೆ ಅದು 'ಮಿಲಾರ್ಡ್' ಆಯಿತು, ಕೊನೆಗೆ ಬರೀ 'ಲಾಡ್' ಉಳಿಯಿತು. ಅಷ್ಟೂ ಲಾರ್ಡ್ ಖರ್ಚು ಮಾಡಿ ಅವರು ಕೇಳಿದ್ದು ಮುಂದಿನ ತಾರೀಖು.

ಈ ಲಾರ್ಡ್ ಮೂಲದಲ್ಲಿ ಯಾರು ಗೊತ್ತಾ? ಹಳೆಯ ಇಂಗ್ಲಿಷಿನ 'ಹ್ಲಾಫ್‌ವೆಅರ್ಡ್'. ಹ್ಲಾಫ್ ಅಂದರೆ ರೊಟ್ಟಿ, ಈಗಿನ ಲೋಫ್. ವೆಅರ್ಡ್ ಅಂದರೆ ಕಾಯುವವನು. ನಮ್ಮ ಹಾಸ್ಟೆಲ್ ವಾರ್ಡನ್ ಅವನಿಗೆ ದೂರದ ನೆಂಟ. ಲೇಡಿ ಅಂದರೆ ರೊಟ್ಟಿಗೆ ಹಿಟ್ಟು ನಾದುವವಳು. ಮನೆಯ ಆಳಿಗೂ ಒಂದು ಪದವಿತ್ತು, 'ಹ್ಲಾಫ್ಯಾಟ', ರೊಟ್ಟಿ ತಿನ್ನುವವನು. ನಾದೋಳು ಒಬ್ಬಳು, ಕಾಯೋನು ಒಬ್ಬ, ತಿನ್ನೋನು ಇನ್ನೊಬ್ಬ. ಪಾಪ, ಒಳ್ಳೆ ಸಂಸಾರ! ಹ್ಲಾಫ್‌ವೆಅರ್ಡ್ ಸವೆದು ಲಾರ್ಡ್ ಆಗೋಕೆ ಇಂಗ್ಲಿಷರಿಗೆ ಶತಮಾನಗಳೇ ಬೇಕಾದವು. ನಮ್ಮ ವಕೀಲರಿಗೆ ಹತ್ತು ನಿಮಿಷ ಸಾಕಾಯಿತು.

ಜಡ್ಜಿಗೆ 'ಮೈ ಲಾರ್ಡ್' ಅನ್ನೋದು ವಸಾಹತು ಕಾಲದ ಪಳೆಯುಳಿಕೆ, ಬಿಡಿ ಅಂತ ಭಾರತೀಯ ವಕೀಲರ ಪರಿಷತ್ತು 2006ರಲ್ಲೇ ನಿಯಮ ಮಾಡಿತು. ಕೆಳಗಿನ ಕೋರ್ಟಲ್ಲಿ 'ಸರ್' ಅನ್ನಿ, ಇಲ್ಲಾ ನಿಮ್ಮ ಭಾಷೆಯಲ್ಲೇ ಅದಕ್ಕೆ ಸಮನಾದ ಪದ ಬಳಸಿ ಅಂತಲೂ ಹೇಳಿತು. 2014ರಲ್ಲಿ ಸುಪ್ರೀಂ ಕೋರ್ಟೂ ಹೀಗೇ ಕರೆಯಬೇಕೆಂಬ ಕಡ್ಡಾಯವಿಲ್ಲ, ಮರ್ಯಾದೆಯಿಂದ ಮಾತಾಡಿದರೆ ಸಾಕು ಅಂದಿತು. ಮಾತುಮಾತಿಗೂ ನಿಯಮ ತೋರಿಸುವ ವಕೀಲರಿಗೆ ಇದೊಂದು ನಿಯಮ ಮಾತ್ರ ಕಣ್ಣಿಗೆ ಬಿದ್ದಿಲ್ಲ.

2023ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಬೇಸತ್ತು, ಮೈ ಲಾರ್ಡ್ ಅನ್ನೋದು ನಿಲ್ಲಿಸಿದರೆ ನನ್ನ ಅರ್ಧ ಸಂಬಳ ಕೊಡ್ತೀನಿ ಅಂದರು. ಅಲ್ಲಿನ ನ್ಯಾಯಮೂರ್ತಿಗಳ ಸಂಬಳ ತಿಂಗಳಿಗೆ ಎರಡೂವರೆ ಲಕ್ಷ. ರೊಟ್ಟಿ ಕಾಯುವವನೇ ಅರ್ಧ ರೊಟ್ಟಿ ಮುರಿದು ಕೈಗಿಡ್ತೀನಿ ಅಂದರೂ ತಗೊಳ್ಳೋಕೆ ಒಬ್ಬರೂ ಇಲ್ಲ! ಹಿರಿಯ ವಕೀಲರ ಫೀಸು ಅದಕ್ಕಿಂತ ಜಾಸ್ತಿ ಅನ್ನೋದು ಬೇರೆ ಮಾತು.

ನಮ್ಮ ಕೇಸಿಗೂ ತಾರೀಖೇ ಸಿಕ್ಕಿತು. ಟೀ ಕುಡಿಯೋಣ ಅಂತ ಕ್ಯಾಂಟೀನಿಗೆ ಬಂದೆ. ಒಳಗೆ ಒಬ್ಬಾಕೆ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಪರೋಟಕ್ಕೆ ನಾದುತ್ತಿದ್ದರು. ಹೊರಗೆ ಒಬ್ಬ ಮುದುಕ ಟವೆಲ್ ಬೀಸುತ್ತಾ ಬನ್ನಿನ ಮೇಲೆ ನೊಣ ಕೂರದಂತೆ ಕಾಯುತ್ತಿದ್ದ. ಅದೇ 41 ಲಾರ್ಡಿನ ವಕೀಲರು ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದರು.

"ಏಯ್, ಒಂದು ಬನ್ ಕೊಡೋ ಇಲ್ಲಿ!"