ಸಾಲ ಕಟ್ಟುತ್ತಿರುವವರು ನಾವು

ಅಮೆರಿಕದ ಸಣ್ಣ ಊರುಗಳು ಬೆಳೆಯದಿರುವುದಕ್ಕೆ ಹಳ್ಳಿ ಕಡೆಯ ಮನೆಗಳಿಗೆ ನೀರು ಪೂರೈಸುವ ಸ್ಥಳೀಯ ಸಂಸ್ಥೆಗಳಾದ ವಾಟರ್ ಡಿಸ್ಟ್ರಿಕ್ಟ್‌ಗಳೇ ಅಡ್ಡಗಾಲು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಓಕ್ಲಹೋಮದಲ್ಲಿ ಅಂಥದ್ದೇ ಒಂದು ಡಿಸ್ಟ್ರಿಕ್ಟ್‌ನ ನೀರು ಕುಡಿಯುತ್ತಾ 11 ವರ್ಷ ಆಯಿತು. ಪಕ್ಕದ ಊರಿನವರು ಪೈಪ್ ಎಳೆಯಲು ಮನಸ್ಸು ಮಾಡದಿದ್ದಾಗ ಇಲ್ಲಿನ ರೈತರೇ ಒಟ್ಟಾಗಿ ಕೇಂದ್ರ ಕೃಷಿ ಇಲಾಖೆಯ ಸಾಲ ತಂದು ಮನೆಮನೆಗೆ ನೀರು ಕೊಟ್ಟರು, ಆ ಸಾಲ ಇವತ್ತಿಗೂ ನಮ್ಮ ತಿಂಗಳ ಬಿಲ್ಲಿನಿಂದಲೇ ತೀರುತ್ತಿದೆ. ಈಗ ಹೆದ್ದಾರಿ ಪಕ್ಕದ ಜಾಗವನ್ನಷ್ಟೇ ಊರಿಗೆ ಸೇರಿಸಿಕೊಂಡು, ಜಾಸ್ತಿ ನೀರು ಕೊಳ್ಳುವ ಅಂಗಡಿ, ಹೋಟೆಲ್‌ಗಳನ್ನು ಎತ್ತಿಕೊಂಡು ಹೋದರೆ ಉಳಿದ ಕಂತು ಯಾರ ತಲೆ ಮೇಲೆ? ದೂರದ ಹೊಲದ ಮನೆಗಳವರ ಮೇಲೆ ತಾನೆ? ಗಡಿ ಬದಲಾದರೂ ಸಾಲ ತೀರುವ ತನಕ ಗಿರಾಕಿಗಳನ್ನು ಕಸಿಯುವಂತಿಲ್ಲ ಎಂದು ಇಂಥ ಸಾಲಗಳ ಕುರಿತ 1961ರ ಕೇಂದ್ರ ಕಾಯ್ದೆ ಹೇಳುವುದು ಸುಮ್ನೆ ಅಲ್ಲ.

ಡಿಸ್ಟ್ರಿಕ್ಟ್ ಪೈಪಿನ ನೀರು ಬೆಂಕಿ ಆರಿಸಲು ಸಾಲದು ಎಂಬ ನಿಮ್ಮ ಮಾತು ಮಾತ್ರ ನಿಜ. ನಮ್ಮ ರಸ್ತೆಯಡಿ ಇರುವುದು 2 ಇಂಚಿನ ಪೈಪ್. ಅಡುಗೆಗೆ, ಸ್ನಾನಕ್ಕೆ ಸಾಕು, ಬೆಂಕಿ ಆರಿಸುವವರು ನೀರು ಪಡೆಯುವ ರಸ್ತೆ ಬದಿಯ ಹೈಡ್ರಂಟ್‌ಗೆ ಸಾಲದು. ಹೋದ ಬೇಸಿಗೆಯಲ್ಲಿ ಪಕ್ಕದವರ ಹುಲ್ಲಿನ ಕೊಟ್ಟಿಗೆ ಹೊತ್ತಿಕೊಂಡಾಗ ಟ್ಯಾಂಕರ್ ಬರುವಷ್ಟರಲ್ಲಿ ಸೊಟ್ಟಗಾದ ತಗಡು ಮಾತ್ರ ಉಳಿದಿತ್ತು. ಆದರೆ ನಕ್ಷೆಯಲ್ಲಿ ಊರಿನ ಗಡಿ ಗೆರೆ ಆಚೆ ಎಳೆದ ಮಾತ್ರಕ್ಕೆ ಆ ಪೈಪ್ ದಪ್ಪ ಆಗುತ್ತದೆಯೇ? ಊರಿಗೆ ಜಾಗ ಬೇಕಿದ್ದರೆ ಡಿಸ್ಟ್ರಿಕ್ಟ್ ಜೊತೆ ಕೂತು ಪರಿಹಾರ ಮಾತಾಡಲಿ, ದೊಡ್ಡ ಪೈಪಿಗೆ ಮೊದಲು ದುಡ್ಡು ಹಾಕಲಿ.