ಪಂದ್ಯ ಫತೋರ್ಡಾದಲ್ಲಿ, ನಾವು ಘಟ್ಟದಲ್ಲಿ

ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವು ಗೋವಾದ ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಎಫ್‌ಸಿ ಗೋವಾವನ್ನು ಎದುರಿಸುವ ದಿನ ಶಿವಮೊಗ್ಗದ ಅಭಿಮಾನಿಗಳಾದ ನಮಗೆ ರಸ್ತೆಯೇ ನಿಜವಾದ ಎದುರಾಳಿ. ನಕ್ಷೆಯಲ್ಲಿ ನೋಡಿದರೆ ಬೆಂಗಳೂರಿನವರಿಗಿಂತ ನಮಗೇ ಗೋವಾ ಹತ್ತಿರ. ಆದರೆ ನಮ್ಮ ರೈಲು ಹಳಿ ತಾಳಗುಪ್ಪದಲ್ಲೇ ಮುಗಿಯುತ್ತದೆ. ಕೊಂಕಣ ರೈಲು ಹಿಡಿಯಬೇಕೆಂದರೆ ಬಸ್ಸಿನಲ್ಲಿ ಗೇರುಸೊಪ್ಪೆ ಘಟ್ಟವಿಳಿದು ಹೊನ್ನಾವರ ಸೇರಬೇಕು. ಕಳೆದ ಸಲ ಹಿಂಗಾರಿನ ಮಳೆಗೆ ತಿರುವೊಂದರಲ್ಲಿ ಧರೆ ಜರಿದು, ಮರವೂ ಅಡ್ಡ ಬಿದ್ದು, ವಾಹನಗಳು ಸಾಲುಗಟ್ಟಿ ನಿಂತಾಗ ಕಂಡಕ್ಟರ್ "ಜೆಸಿಬಿ ಬರ್ತಾ ಇದೆ, ಸ್ವಲ್ಪ ತಡ್ಕಳಿ" ಎನ್ನುತ್ತಲೇ ಸಂಜೆ ಮಾಡಿದರು. ನೀಲಿ ಜೆರ್ಸಿ ತೊಟ್ಟ ನಾವು, ಸ್ಕೋರ್ ನೋಡಲು ಸಿಗ್ನಲ್ ಕೂಡ ಸಿಗದ ಆ ಕಾಡಿನಲ್ಲಿ, ಪಕ್ಕದ ಸೀಟಿನ ಅಜ್ಜಿ ಕೊಟ್ಟ ಚಕ್ಕುಲಿ ತಿನ್ನುತ್ತ ಕುಳಿತೆವು. (ಚಕ್ಕುಲಿ ಚೆನ್ನಾಗಿತ್ತು, ಅದು ಬೇರೆ ಮಾತು.) ಮಳೆಗೆ ಮಣ್ಣು ಕುಸಿಯುವುದಕ್ಕೆ ಯಾರನ್ನೂ ದೂರಲಾಗದು. ಆದರೆ ದಾರಿ ಬಂದ್ ಆದದ್ದು ಬೆಳಿಗ್ಗೆಯೇ ತಿಳಿದಿದ್ದರೂ ಒಂದು ಮಾತು ಹೇಳದೆ ಟಿಕೆಟ್ ಹರಿದು ಬಸ್ಸು ಹೊರಡಿಸಿದವರನ್ನು, ಪಂದ್ಯದ ಟಿಕೆಟ್ಟಿನ ಹಣ ವಾಪಸ್ ಕೇಳಿದರೆ ನಿಯಮ ತೋರಿಸುವವರನ್ನು ಏನೆನ್ನಬೇಕು?