ಹೊಳಿ ಬಂದೈತಿ, ನಡೀರಿ

ಹಳೆಯ ಬಾಗಲಕೋಟೆಯಲ್ಲಿ ನಾವು ಸಣ್ಣವರಿದ್ದಾಗ ಪ್ರವಾಸವೆಂಬುದು ಶಾಲೆಯ ಮಾತಾಗಿತ್ತು, ಮನೆಯ ಮಾತಾಗಿರಲಿಲ್ಲ. ಮನೆಮಂದಿಯೆಲ್ಲ ಕೂಡಿ ಹೊರಬೀಳಲು ಮದುವೆಯೋ, ಜವಳವೋ, ಬನಶಂಕರಿಯ ಜಾತ್ರೆಯೋ ಕಾರಣವಾಗಬೇಕಿತ್ತು. ಏನೊಂದೂ ಕಾರಣವಿಲ್ಲದೆ ಹೊರಡುತ್ತಿದ್ದುದು ವರ್ಷಕ್ಕೆ ಒಮ್ಮೆ, ಘಟಪ್ರಭೆ ಬಂದಾಗ ಮಾತ್ರ. ನಮ್ಮದು ಮಳೆಗೆ ಮುಖ ನೋಡುವ ಸೀಮೆ. ಇಲ್ಲಿ ನೆತ್ತಿಯ ಮೇಲೆ ಬಿಸಿಲು ಹೊಡೆಯುತ್ತಿರುವಾಗಲೇ ಪಶ್ಚಿಮದ ಘಟ್ಟದಲ್ಲೆಲ್ಲೋ ಸುರಿದ ಮಳೆ, ಗೋಕಾಕದಲ್ಲಿ ಐವತ್ತು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕಿ, ಊರೂರಿನ ಕಸಕಡ್ಡಿಯನ್ನು ಹೊತ್ತುಕೊಂಡು ನಮ್ಮ ದಂಡೆಗೆ ಬಂದು ಮುಟ್ಟುತ್ತಿತ್ತು. ಆಗ ಓಣಿಯಲ್ಲಿ ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ಹಬ್ಬುತ್ತಿತ್ತು: "ಹೊಳಿ ಬಂದೈತಿ!" ಹೊಳೆ ಇದ್ದಲ್ಲಿಯೇ ಇರುತ್ತದಲ್ಲ, ಬರುವುದೇನು ಎಂದು ಮಲೆನಾಡಿನ ಗೆಳತಿಯೊಬ್ಬಳು ಒಮ್ಮೆ ಕೇಳಿದ್ದಳು. ಅವರಲ್ಲಿ ಇರುತ್ತದೆ, ನಮ್ಮಲ್ಲಿ ಬರುತ್ತದೆ; ಬೀಗರು ಬಂದ ಹಾಗೆ, ಹೇಳದೆ ಕೇಳದೆ.

ಅಂಥ ಒಂದು ಸಂಜೆ ಅಪ್ಪ ಆಗಷ್ಟೇ ಕಚೇರಿಯಿಂದ ಬಂದು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ್ದರು. ಸುದ್ದಿ ಕಿವಿಗೆ ಬಿದ್ದದ್ದೇ ಆ ಗುಂಡಿಗಳನ್ನು ಹಾಗೆಯೇ ಮತ್ತೆ ಹಾಕಿಕೊಂಡು "ನಡೀರಿ" ಅಂದರು. ಹಂಚಿನ ಮೇಲೆ ರೊಟ್ಟಿ ಬೇಯುತ್ತಿದೆ ಎಂದು ಅವ್ವ ಒಳಗಿನಿಂದ ಕೂಗಿದರೆ "ಅದನ್ನೂ ತಗೊಂಡ ನಡಿ" ಎಂಬ ಉತ್ತರ ಬಂತು. ನಾನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ, ಅಣ್ಣ ಹಿಂದಿನ ಕ್ಯಾರಿಯರಿನ ಮೇಲೆ. ಅವ್ವ ಓಣಿಯ ಹೆಂಗಸರೊಂದಿಗೆ ಅರಿಷಿಣ ಕುಂಕುಮದ ಭರಣಿ ಹಿಡಿದುಕೊಂಡು ಹಿಂದಿನಿಂದ ನಡೆದು ಬಂದಳು. ರಾಡಿ ನೀರು ದಂಡೆಯನ್ನು ನೆಕ್ಕುತ್ತ ಸಾಗಿತ್ತು. ಅಪ್ಪ ಮುಷ್ಟಿಗಾತ್ರದ ಒಂದು ಬಿಳಿ ಕಲ್ಲನ್ನು ಆರಿಸಿ, ನೀರಿನ ಅಂಚಿನಿಂದ ನನ್ನ ಎರಡು ಹೆಜ್ಜೆ ಈಚೆಗೆ ಇಟ್ಟು, "ಇದು ಮುಳುಗೂತನಾ ನೋಡೂಣು" ಎಂದು ಕುಕ್ಕರಗಾಲಿನಲ್ಲಿ ಕುಳಿತರು. ನೀರು ಮೊದಲು ಕಲ್ಲಿನ ಎಡಬಲಕ್ಕೆ ನಾಲಿಗೆ ಚಾಚಿತು, ಆಮೇಲೆ ಅದರ ಸುತ್ತ ಒಂದು ಉಂಗುರವಾಯಿತು, ಅನಂತರ ಕಲ್ಲಿನ ನೆತ್ತಿಯಷ್ಟೇ ಉಳಿಯಿತು. ಕಣ್ಣು ಪಿಳುಕಿಸಿದ ಒಂದು ಗಳಿಗೆಯಲ್ಲಿ ಅದೂ ಹೋಯಿತು. "ಹೋತಲೇ!" ಎಂದು ನಮ್ಮೆಲ್ಲರಿಗಿಂತ ಮೊದಲು ಕೂಗಿದವರು ಅಪ್ಪ.

ಅಂದು ಹೊಳೆಯಲ್ಲಿ ತೇಲಿ ಬಂದ ಕಣಿಕೆಯ ರಾಶಿಯ ಮೇಲೆ ಒಂದು ಕೋಳಿ ನಿಂತಿತ್ತೆಂದು ಅಣ್ಣ ಇಂದಿಗೂ ಆಣೆ ಮಾಡಿ ಹೇಳುತ್ತಾನೆ. ಅದು ಕಾಗೆ. ಅವ್ವನ ಪ್ರಕಾರ ಎರಡೂ ಅಲ್ಲ, ಅದೊಂದು ಹರಿದ ಕಂಬಳಿ. ಈ ಜಗಳ ಮೂವತ್ತು ವರ್ಷದಿಂದ ನಡೆದಿದೆ, ಯಾರೂ ಸೋಲುವ ಲಕ್ಷಣವಿಲ್ಲ. ಆದರೆ ಕಲ್ಲಿನ ವಿಷಯದಲ್ಲಿ ಮೂವರ ಮಾತೂ ಒಂದೇ.

ನನ್ನ ಯಜಮಾನರು ಕಾಗದದ ಮನುಷ್ಯ. ಮಕ್ಕಳಿಗೆ ಒಳ್ಳೆಯ ನೆನಪುಗಳಿರಬೇಕೆಂದು ಎರಡು ವರ್ಷದ ಹಿಂದೆ ಐದು ದಿನಗಳ ಮೈಸೂರು ಪ್ರವಾಸ ಹಾಕಿದರು. ಎಷ್ಟು ಗಂಟೆಗೆ ಏಳುವುದು, ಎಲ್ಲಿ ತಿಂಡಿ, ಅರಮನೆಗೆ ಎಷ್ಟು ಹೊತ್ತು, ಮೃಗಾಲಯಕ್ಕೆ ಎಷ್ಟು ಹೊತ್ತು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅದರ ಒಂದೊಂದು ಪ್ರತಿಯನ್ನು ಮಕ್ಕಳ ಕೈಗೂ ಕೊಟ್ಟಿದ್ದರು. ತಪ್ಪೇನೂ ಆಗಲಿಲ್ಲ, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಿತು. ಬಂದ ಮೇಲೆ ಏನು ನೋಡಿದೆಯೆಂದು ನೆರೆಮನೆಯವರು ಕೇಳಿದರೆ ಮಗ ನಾವು ಇಳಿದುಕೊಂಡಿದ್ದ ಲಾಡ್ಜಿನ ಲಿಫ್ಟಿನ ಬಗ್ಗೆ ಹೇಳಿದ. ಅದರ ಜಾಲರಿ ಬಾಗಿಲನ್ನು ಅವನೇ ಎಳೆದು ಹಾಕಿದ್ದನಂತೆ. ಹಾಳೆಯಲ್ಲಿ ಲಿಫ್ಟು ಇರಲಿಲ್ಲ. ಯಜಮಾನರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ ರೀತಿ ನೋಡಿ ನನಗೆ ನಿಜವಾಗಿಯೂ ಪಾಪವೆನಿಸಿತು.

ಅಂಥವರು ಕಳೆದ ವರ್ಷ ಒಂದು ರವಿವಾರ ರೈಲು ಹತ್ತಿದ ಕಥೆಯನ್ನು ಹೇಳಬೇಕು. ವಿಜಯಪುರಕ್ಕೆ ಹೊರಟಿದ್ದ ನಮ್ಮ ಅತ್ತೆಯವರನ್ನು ಗಾಡಿ ಹತ್ತಿಸಲು ನಿಲ್ದಾಣಕ್ಕೆ ಹೋಗಿದ್ದೆವು. ಆಯಿಯ ಚೀಲ ಇಡುತ್ತೇನೆಂದು ಒಳಗೆ ಹೋದ ಮಗ ಕಿಟಕಿಯ ಪಕ್ಕ ಕುಳಿತವನು ಏಳಲೇ ಇಲ್ಲ; ಅವನನ್ನು ಕರೆದು ತರಲು ಹೋದ ಮಗಳು ಎದುರಿನ ಕಿಟಕಿ ಹಿಡಿದಳು. ನಾನು ಕಣ್ಣು ದೊಡ್ಡದು ಮಾಡಿದರೆ ಅತ್ತೆಯವರು "ಬಂದ್ರ ಬರ್ಲಿ ಬಿಡವಾ, ನೀವೂ ಹತ್ರಿ" ಅಂದುಬಿಟ್ಟರು. ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟಿಲ್ಲ ತಾನೇ ಎಂದು ಯಜಮಾನರು ಒಮ್ಮೆ ನನ್ನನ್ನು ಕೇಳಿದರು, ಇಲ್ಲವೆಂದೆ, ಅವರು ಟಿಕೀಟಿನ ಕಿಂಡಿಯ ಕಡೆಗೆ ಓಡಿದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೈಯಲ್ಲಿ ನೀರಿನ ಬಾಟಲಿಯೂ ಇಲ್ಲ, ಬದಲಿಸಲು ಬಟ್ಟೆಯೂ ಇಲ್ಲ. ಎದುರಿಗೆ ಕುಳಿತ ಅಜ್ಜಿಯೊಬ್ಬರು ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು; ಮನೆಯಲ್ಲಿ ಹಿಂಡಿ ಖಾರವೆಂದು ತಟ್ಟೆ ಸರಿಸುವ ಮಗ ಎರಡು ರೊಟ್ಟಿ ಮುಗಿಸಿದ. ಆಲಮಟ್ಟಿಯ ಹತ್ತಿರ ಗಾಡಿ ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಸದ್ದೇ ಬದಲಾಯಿತು, ಜನ ಎದ್ದು ಕೈ ಮುಗಿದರು, ಅತ್ತೆಯವರು ಸೊಂಟದ ಸಂಚಿಯಿಂದ ನಾಲ್ಕಾಣೆಯಂಥ ಏನನ್ನೋ ತೆಗೆದು ಹೊಳೆಗೆ ಎಸೆದರು. ಸೇತುವೆಗೆ ಎಷ್ಟು ಕಂಬಗಳಿವೆ ಎಂದು ಮಗಳು ಕೇಳಿದಳು. ಎಲ್ಲ ಪ್ರಶ್ನೆಗೂ ಉತ್ತರವಿಟ್ಟುಕೊಂಡಿರುವ ಯಜಮಾನರು ಕಿಟಕಿಯ ಸರಳಿಗೆ ಹಣೆ ಹಚ್ಚಿ "ನನಗೂ ಗೊತ್ತಿಲ್ಲ, ಎಣಿಸೂಣು" ಅಂದರು. ಎಣಿಕೆ ಮೂರು ಸಲ ತಪ್ಪಿತು. ಅಪ್ಪ ಕಲ್ಲಿಟ್ಟು ಕುಳಿತದ್ದು ನನಗೆ ಅಲ್ಲಿಯೇ ನೆನಪಾಯಿತು. ಮುಂದೇನಾಗುತ್ತದೆಂದು ದೊಡ್ಡವರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ ಮಾತ್ರ ಅವರು ಮಕ್ಕಳ ಪಕ್ಕದಲ್ಲಿ ಕುಳಿತಿರುತ್ತಾರೆ. ಉಳಿದ ಹೊತ್ತೆಲ್ಲ ಮುಂದೆ ನಡೆಯುತ್ತಲೋ ಹಿಂದಿನಿಂದ ಅಟ್ಟುತ್ತಲೋ ಇರುತ್ತಾರೆ.

ಸಂಜೆಯೇ ಮರಳುವ ಮಾತಾಗಿದ್ದರೂ ಉಳಿದೆವು, ಸೋಮವಾರದ ಶಾಲೆ ತಪ್ಪಿತು. ರಜೆಯ ಅರ್ಜಿಯಲ್ಲಿ ಯಜಮಾನರು "ಅನಿವಾರ್ಯ ಕಾರಣದಿಂದ" ಎಂದು ಬರೆದದ್ದು ಸುಳ್ಳೋ ನಿಜವೋ ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿದೆ.

ಆ ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಗೋಳಗುಮ್ಮಟಕ್ಕೆ ಹೋದೆವು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯಿದು, ನಡುವೆ ಒಂದೇ ಒಂದು ಕಂಬವಿಲ್ಲದೆ ಇಷ್ಟು ದೊಡ್ಡ ಗುಮ್ಮಟ ನಿಂತಿದೆ ಎಂದು ನಾನು ಹೇಳತೊಡಗುವಷ್ಟರಲ್ಲಿ ಮಕ್ಕಳು ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿ ಆಗಿತ್ತು. ಹೊತ್ತೇರಿದರೆ ಅಲ್ಲಿ ಸಿಳ್ಳೆ, ಕೇಕೆಗಳಲ್ಲಿ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ಆಗ ನಾವಷ್ಟೇ ಇದ್ದೆವು. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ದುಂಡನೆಯ ಗೋಡೆಯ ಗುಂಟ ದನಿ ಜಾರಿಕೊಂಡು ಹೋಗಿ, ಮೂವತ್ತು ಮೀಟರಿಗೂ ಹೆಚ್ಚು ದೂರದ ಆಚೆ ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಮಗನನ್ನು ಆಚೆ ನಿಲ್ಲಿಸಿ, ಏನಾದರೂ ಮೆಲ್ಲಗೆ ಹೇಳೆಂದು ಮಗಳಿಗೆ ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, ಗೋಡೆಗೆ ಮೂಗು ತಾಗಿಸಿ, ಕಣ್ಣು ಮುಚ್ಚಿಕೊಂಡು, "ನಿನ್ನ ಕಂಪಾಸ್ ಪೆಟಗಿ ಮುರದಾಕಿ ನಾನ" ಎಂದಳು. ಒಂದು ಗಳಿಗೆ ಮೌನ. ಆಮೇಲೆ ಆಚೆಯಿಂದ "ಮಮ್ಮೀ, ಕೇಳಿದೇನು?" ಎಂಬ ಕೂಗು ಎದ್ದು, ಆ ದೂರನ್ನು ಗುಮ್ಮಟವೇ ಮತ್ತೆ ಮತ್ತೆ ಹೇಳತೊಡಗಿತು. ಸುಲ್ತಾನನ ಸಮ್ಮುಖದಲ್ಲಿ ಇಷ್ಟು ಸಣ್ಣ ದಾವೆ ಹಿಂದೆ ಬಂದಿರಲಾರದು.

ನಾನು ಆಡಿ ಬೆಳೆದ ಓಣಿ ಈಗ ಆಲಮಟ್ಟಿಯ ಹಿನ್ನೀರಿನ ಪಾಲಾಗಿದೆ. ನಾವು ನವನಗರದ ಸೆಕ್ಟರಿನಲ್ಲಿ, ಸಂಖ್ಯೆಗಳ ನಡುವೆ ಇದ್ದೇವೆ. ಈ ಮಳೆಗಾಲ ಒಂದು ಸಂಜೆ ಯಜಮಾನರು ಪತ್ರಿಕೆಯಲ್ಲಿ ಜಲಾಶಯದ ಮಟ್ಟ ಓದುತ್ತಿದ್ದರು. ತುಂಬಿದಾಗ 519.60 ಮೀಟರ್, ಇನ್ನೂ ಸ್ವಲ್ಪ ಬಾಕಿಯಿದೆ, ಏರುತ್ತಿದೆ ಅಂದರು. ನನ್ನ ಬಾಯಿಂದ ತಾನಾಗಿಯೇ "ಹೊಳಿ ಬಂದೈತಿ, ನಡೀರಿ" ಎಂಬ ಮಾತು ಹೊರಬಿತ್ತು. ಚಪ್ಪಲಿ ಮೆಟ್ಟಿಕೊಂಡವರೇ ಹಳೆಯ ಊರಿನ ಕಡೆಗೆ ಹೋದೆವು. ಅಲ್ಲಿ ನೀರು ಓಡುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಮಗ ನಾನು ಹೇಳಿದ ಕಥೆಯಂತೆ ಒಂದು ಕಲ್ಲನ್ನು ಹುಡುಕಿ ಅಂಚಿನಲ್ಲಿ ಇಟ್ಟ, ನಾವು ನಾಲ್ವರೂ ಕುಳಿತೆವು. ಕತ್ತಲಾಯಿತು, ಸೊಳ್ಳೆ ಕಚ್ಚಿದವು, ಕಲ್ಲು ಮಾತ್ರ ಒಣಗಿಯೇ ಇತ್ತು. ನೀರು ಬೆರಳಿನಗಲದಷ್ಟು ಹತ್ತಿರ ಬಂದಿದೆ ಎಂದು ಮಗಳು, ಇಲ್ಲವೆಂದು ಮಗ. ಎಳೆದುಕೊಂಡು ಮನೆಗೆ ಬಂದೆವು. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವನ ದನಿ ಕೇಳಿತು: "ಮುಳುಗಿರ್ತೈತೇನ ಪಪ್ಪಾ?" ಗೊತ್ತಿಲ್ಲ ಅಂದರು ಅವರು.

ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಲೆಂದು ಬಾಗಿಲು ತೆರೆದರೆ ಅಪ್ಪ ಮಗ ಇಬ್ಬರೂ ಆಗಲೇ ಗಾಡಿ ಚಾಲೂ ಮಾಡುತ್ತಿದ್ದರು.